ಎಡಗಡೆಯ ಟೈರಿನ ಒಳಅಂಚು

ನಾನು ಕಾರು ಓಡಿಸಲು ಕಲಿತದ್ದು ಐವತ್ತೊಂದನೆಯ ವಯಸ್ಸಿನಲ್ಲಿ. ಅಲ್ಲಿಯವರೆಗೆ ಮೂಡಿಗೆರೆಯಿಂದ ಒಂದು ನೂಲುಂಡೆ ತರಬೇಕಾದರೂ ನಮ್ಮ ಯಜಮಾನರಿಗೆ ಪುರುಸೊತ್ತಾಗುವುದನ್ನು ಕಾಯಬೇಕಿತ್ತು, ಇಲ್ಲವೇ ಗೇಟಿನ ಹತ್ತಿರ ನಿಂತು ಯಾರದಾದರೂ ಜೀಪಿಗೆ ಕೈ ಅಡ್ಡ ಹಿಡಿಯಬೇಕಿತ್ತು. ಲೈಸೆನ್ಸ್ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಕೆಲಸವೇ ಇಲ್ಲದೆ ಮೂಡಿಗೆರೆಗೆ ಹೋಗಿ ಬಂದದ್ದು. ಬಸ್ ಸ್ಟ್ಯಾಂಡಿನ ಹತ್ತಿರ ಕಾರು ನಿಲ್ಲಿಸಿ, ಗಾಜು ಇಳಿಸಿ, ಹತ್ತು ನಿಮಿಷ ಜನರನ್ನು ನೋಡಿ ವಾಪಸ್ಸು ಬಂದೆ. "ಎಂತಕ್ಕೆ ಹೋಗಿದ್ದೆ?" ಎಂದು ಯಜಮಾನರು ಕೇಳಿದರು. "ಸುಮ್ನೆ" ಎಂದೆ. ಮದುವೆಯಾದ ಮೇಲೆ ಆ ಉತ್ತರ ಕೊಟ್ಟದ್ದು ಅದೇ ಮೊದಲು.

ಹೀಗಿರುವಾಗ ಮುಂದಿನ ಎಡಗಡೆಯ ಟೈರು ಸವೆಯಿತು. ಟೈರು ಇರುವುದೇ ಸವೆಯಲಿಕ್ಕೆ, ಅದೇನೂ ದೊಡ್ಡ ವಿಷಯವಲ್ಲ. ಆದರೆ ಇದು ಸವೆದ ರೀತಿ ವಿಚಿತ್ರವಾಗಿತ್ತು. ಹೊರಗಿನಿಂದ ನೋಡಿದರೆ ಅಂಗಡಿಯಿಂದ ಈಗ ತಾನೇ ತಂದ ಹಾಗೆ. ಬಗ್ಗಿ ಒಳಅಂಚು ನೋಡಿದರೆ ತಂತಿ ಇಣುಕುವಷ್ಟು ಬೋಳು. ಉಳಿದ ಮೂರು ಟೈರುಗಳಿಗೆ ಏನೂ ಆಗಿರಲಿಲ್ಲ. ಯಜಮಾನರು ಒಮ್ಮೆ ಬಗ್ಗಿ ನೋಡಿ, ಎದ್ದು, ತೀರ್ಪು ಕೊಟ್ಟೇಬಿಟ್ಟರು. "ಎದುರಿಂದ ಬಸ್ ಬಂದ ಕೂಡ್ಲೆ ಹೆದ್ರಿ ಎಡಗಡೆ ಚಕ್ರ ಟಾರಿಂದ ಕೆಳಗಿಳಿಸ್ತೀಯ, ಮತ್ತೆ ಹತ್ತಿಸ್ತೀಯ. ಟೈರ್ ಇನ್ನೆಂತ ಆಗ್ತದೆ?"

ಅಷ್ಟಕ್ಕೇ ಬಿಡಲಿಲ್ಲ. ವಸ್ತಾರೆಯ ಹತ್ತಿರ ನೆಂಟರ ಗೃಹಪ್ರವೇಶದಲ್ಲಿ, ಊಟದ ಪಂಕ್ತಿಯಲ್ಲಿ ಕೂತು, "ನಮ್ಮನೆಯವಳಿಗೆ ಹೋಳಿಗೆ ಬಡಿಸ್ಬೇಡಿ, ಅವಳು ಟೈರ್ ತಿಂತಾಳೆ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕು, ಬೇಕೆಂದೇ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಯಜಮಾನರೇ ಮುಂದಿನ ಎರಡೂ ಟೈರು ಹೊಸದು ಹಾಕಿಸಿ, ಚಿಕ್ಕಮಗಳೂರಿನಲ್ಲಿ ಚಕ್ರಗಳು ನೇರ ನಿಲ್ಲುವಂತೆ ಅಲೈನ್‌ಮೆಂಟ್ ಮಾಡಿಸಿಕೊಂಡು ಬಂದರು. ಯಂತ್ರ ಕೊಟ್ಟ ಹಾಳೆಯಲ್ಲಿ ಎಲ್ಲವೂ ಹಸಿರು. ಅದನ್ನು ನನ್ನ ಮುಂದೆ ಹಿಡಿದು, "ನೋಡು ಮಾರಾಯ್ತಿ, ಗಾಡಿ ಸರಿ ಇದೆ ಅಂತ ಕಂಪ್ಯೂಟರೇ ಹೇಳಿದೆ. ಇದೂ ಹಾಗೇ ಸವೆದ್ರೆ ಕೀ ನಂಗೆ ಕೊಡು, ಡ್ರೈವರ್ ಇಡುವ" ಎಂದರು. ಡ್ರೈವರ್ ಎಂದರೆ ಮತ್ತೆ ಕಾಯುವುದು, ಎಲ್ಲಿಗೆ ಏಕೆ ಎಂದು ಮತ್ತೆ ಕಾರಣ ಹೇಳುವುದು. ಆಗಲಿ ಎಂದೆ. ಹಠಕ್ಕೆ ಅಂದದ್ದು.

ನಮ್ಮ ಮನೆಯಲ್ಲಿ ಕಾಫಿ ಒಣಗಿದೆಯೋ ಇಲ್ಲವೋ ಎಂದು ನೋಡುವವಳು ನಾನು. ಕಣದಲ್ಲಿ ಹರಡಿದ ಬೀಜದ ಮೇಲೆ ಅಂಗೈ ಆಡಿಸಿದರೆ ಇನ್ನೆಷ್ಟು ಬಿಸಿಲು ಬೇಕೆಂದು ಗೊತ್ತಾಗುತ್ತದೆ. ಕಣ್ಣು ಮೋಸ ಹೋಗಬಹುದು, ಕೈ ಹೋಗುವುದಿಲ್ಲ. ಹಾಗಾಗಿ ಆ ಮಳೆಗಾಲವಿಡೀ ವಾರಕ್ಕೊಮ್ಮೆ ಟೈರು ಸವರುತ್ತಾ ಬಂದೆ. ಮಳೆ ಕಡಿಮೆಯಾಗುವ ಹೊತ್ತಿಗೆ ಒಂದು ದಿನ ಅದು ಕೈಗೆ ಸಿಕ್ಕಿತು. ಒಳಗಿನಿಂದ ಹೊರಕ್ಕೆ ಸವರಿದರೆ ನುಣುಪು; ಹೊರಗಿನಿಂದ ಒಳಕ್ಕೆ ಎಳೆದರೆ ಗರಗಸದ ಹಲ್ಲಿನ ಹಾಗೆ ಅಂಗೈಗೆ ಚುರುಚುರು. ಬಲಗಡೆಯದರಲ್ಲಿ ಎರಡು ಕಡೆಯೂ ನುಣುಪು.

ಮೊದಲು ಕೀ ಹೋಯಿತು ಎಂದುಕೊಂಡೆ. ಆಮೇಲೆ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಯೋಚಿಸಿದೆ. ಟಾರಿನ ಅಂಚಿಗೆ ಉಜ್ಜಿ ಸವೆದದ್ದಾದರೆ ಹೊರಮೈಗೆ ಗೀರು ಬೀಳಬೇಕಲ್ಲ? ಅಲ್ಲಿ ಒಂದು ಕೂದಲೆಳೆಯಷ್ಟೂ ಗೀರಿಲ್ಲ. ನಾನು ಚಕ್ರ ಕೆಳಗಿಳಿಸುವವಳಾದರೆ ಹಿಂದಿನ ಎಡ ಚಕ್ರವೂ ಜೊತೆಗೇ ಇಳಿಯುತ್ತದೆ, ಅದಕ್ಕೂ ಏನೂ ಆಗಿಲ್ಲ. ಹಾಗಾದರೆ ಈ ಒಂದು ಚಕ್ರ ಮಾತ್ರ ನೇರ ಉರುಳುವುದನ್ನು ಬಿಟ್ಟು ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತಿದೆ. ಯಂತ್ರ ಸರಿ ಇದೆ ಎನ್ನುತ್ತದೆ, ಕೈ ಇಲ್ಲ ಎನ್ನುತ್ತದೆ. ನಾನು ಕೈಯ ಪಕ್ಷ.

ಪರೀಕ್ಷೆ ಮಾಡಬೇಕೆಂದರೆ ಸಮತಟ್ಟಾದ ಜಾಗ ಬೇಕು. ನಮ್ಮ ಕಡೆ ಅಂಥ ಜಾಗವೆಂದರೆ ಕಾಫಿ ಒಣಗಿಸುವ ಸಿಮೆಂಟಿನ ಕಣ ಒಂದೇ. ಅದರ ಮೇಲೆ ಚಪ್ಪಲಿ ಹಾಕಿಕೊಂಡು ನಡೆದರೂ ಯಜಮಾನರು ಬೈಯುತ್ತಾರೆ. ಅವರು ತೋಟದ ಮೇಲ್ಗಡೆಗೆ ಹೋದ ಸಮಯ ನೋಡಿ ನಾನು ಕಾರನ್ನೇ ಹತ್ತಿಸಿದೆ.

ಮೆಲ್ಲಗೆ ಓಡಿಸಿ ಸ್ಟೇರಿಂಗ್ ಸಡಿಲ ಬಿಟ್ಟೆ. ಕಾರು ನೇರ ಹೋಯಿತು. ಬ್ರೇಕ್ ಒತ್ತಿದೆ. ಎಡಕ್ಕೆ ಎಳೆಯಿತು. ನೀರು ಹರಿಯಲೆಂದು ಕಣಕ್ಕೆ ಸ್ವಲ್ಪ ವಾಟ ಕೊಟ್ಟಿರುತ್ತಾರೆ, ಅದರಿಂದ ಇರಬಹುದೆಂದು ಕಾರು ತಿರುಗಿಸಿ ಎದುರು ದಿಕ್ಕಿನಿಂದ ಬಂದೆ. ವಾಟದ ತಪ್ಪಾದರೆ ಈಗ ಬಲಕ್ಕೆ ಎಳೆಯಬೇಕು. ಮತ್ತೆ ಎಡಕ್ಕೇ ಎಳೆಯಿತು, ಅದೂ ಬ್ರೇಕ್ ಒತ್ತಿದಾಗ ಮಾತ್ರ. ಆರು ಸಲ ಮಾಡಿದೆ, ಆರು ಸಲವೂ ಹಾಗೇ ಆಯಿತು. ನನಗೆ ಗಟ್ಟಿಯಾಗಿ ನಗು ಬಂತು. ಯಂತ್ರದ ಮೇಲೆ ಕಾರು ಸುಮ್ಮನೆ ನಿಂತಿರುತ್ತದೆ. ನಮ್ಮ ಕಾರು ಹುಟ್ಟಿದಾರಭ್ಯ ಘಟ್ಟದ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಬದುಕುತ್ತಿದೆ. ನಿಂತಿದ್ದಾಗ ಕಾಣದ ರೋಗ ಬ್ರೇಕ್ ಒತ್ತಿದಾಗ ಹೊರಗೆ ಬರುತ್ತಿದೆ!

ಏಳನೆಯ ಸಲಕ್ಕೆ ಯಜಮಾನರು ಬಂದರು. "ಕಣದ ಮೇಲೆ ಕಾರಾ! ತಲೆ ಸರಿ ಇದ್ಯಾ ನಿಂಗೆ?" ನಾನು ಕಾರು ಎಡಕ್ಕೆ ಎಳೆಯುವುದನ್ನು ಹೇಳಿದೆ. "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದರು. ನಾನು, "ಹತ್ತಿ. ಈಗ್ಲೇ ಮೂಡಿಗೆರೆಗೆ ಹೋಗುವ. ಗಾಡೀಲಿ ದೋಷ ಸಿಗ್ಲಿಲ್ಲ ಅಂದ್ರೆ ಕೀ ಅಲ್ಲೇ ನಿಮ್ಮ ಕೈಗೆ" ಎಂದೆ. ಹತ್ತಿದರು.

ಮೂಡಿಗೆರೆಯಲ್ಲಿ ನಾವು ಹೋಗುವ ಮೆಕ್ಯಾನಿಕ್ ಎಸ್ಟೇಟ್ ಜೀಪುಗಳನ್ನು ರಿಪೇರಿ ಮಾಡುತ್ತಲೇ ಕೂದಲು ನೆರೆತವರು. ಟೈರು ನೋಡಿ, "ಇನ್ನೊಂದ್ಸಲ ಅಲೈನ್‌ಮೆಂಟ್ ಮಾಡ್ಸಿ ಅಕ್ಕ" ಎಂದರು. "ಎಷ್ಟು ಸಲ ಮಾಡ್ಸಿದ್ರೂ ಹಸಿರೇ ಬರ್ತದೆ. ಬ್ರೇಕ್ ಒತ್ತಿದ್ರೆ ಮಾತ್ರ ಆ ಚಕ್ರ ಜಾಗ ಬಿಟ್ಟು ಸರೀತದೆ. ಸರಿಯದ ಹಾಗೆ ಅದನ್ನ ಹಿಡ್ಕೊಂಡಿರೋದು ಎಂತ? ಅದನ್ನ ನೋಡಿ" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, ಜಾಕ್ ತಂದರು.

ಚಕ್ರವನ್ನು ಹಿಡಿದಿರುವ ಕಬ್ಬಿಣದ ತೋಳಿನ ಬುಡಕ್ಕೆ ಉದ್ದನೆಯ ಲಿವರ್ ಕೊಟ್ಟು ಒತ್ತಿದರು. ಠಕ್ ಎಂದು ಇಡೀ ಚಕ್ರ ಹಿಂದಕ್ಕೆ ಸರಿಯಿತು. ಬಿಟ್ಟರು, ಮುಂದಕ್ಕೆ ಬಂತು. ಟಾರ್ಚ್ ಹಿಡಿದು, "ಬನ್ನಿ ಅಕ್ಕ, ನೋಡಿ" ಎಂದು ನನ್ನನ್ನೇ ಕರೆದರು. ತೋಳು ಅಲುಗದಂತೆ ಅದರ ಬುಡದಲ್ಲಿ ಕೂರಿಸಿದ್ದ ರಬ್ಬರ್ ಬುಷ್ ಹರಿದು ಬಾಯಿ ಬಿಟ್ಟಿತ್ತು. ಅದನ್ನು ನೋಡಿ ನನಗಾದ ಸಂತೋಷ ಮಕ್ಕಳ ರಿಸಲ್ಟ್ ಬಂದ ದಿನವೂ ಆಗಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಇಷ್ಟು ದಿನ ಬೈಸಿಕೊಂಡವಳು ನಾನು, ಹರಿದದ್ದು ಬುಷ್.

"ಆದ್ರೆ ಇದು ಒಂದೇ ಏಟಿಗೆ ಹರಿದಿದ್ದಲ್ಲ" ಎಂದರು ಮೆಕ್ಯಾನಿಕ್. "ಈ ಚಕ್ರಕ್ಕೆ ಮುಂದಿಂದ ದಿನಾ ಏಟು ಬಿದ್ದಿದೆ. ಎಲ್ಲಿ ಕುಟ್ತೀರಿ?"

ನಾನು ಎಲ್ಲೂ ಕುಟ್ಟಿದವಳಲ್ಲ. ಯಜಮಾನರ ಕಡೆ ತಿರುಗಿದೆ. ಅವರು ಗೋಡೆಯ ಕ್ಯಾಲೆಂಡರನ್ನು ಬಹಳ ಶ್ರದ್ಧೆಯಿಂದ ಓದುತ್ತಿದ್ದರು. ಕೊನೆಗೆ, "ಅಡ್ಡಗಲ್ಲು" ಎಂದರು.

ನಮ್ಮ ಮನೆಯ ಅಂಗಳ ಇಳಿಜಾರು. ಹ್ಯಾಂಡ್‌ಬ್ರೇಕ್ ಮೇಲೆ ಅವರಿಗೆ ಎಳ್ಳಷ್ಟೂ ನಂಬಿಕೆಯಿಲ್ಲ, ನಾನು ಎಳೆದ ಹ್ಯಾಂಡ್‌ಬ್ರೇಕ್ ಮೇಲಂತೂ ಇಲ್ಲವೇ ಇಲ್ಲ. ನಾನು ಕಾರು ನಿಲ್ಲಿಸಿ ಒಳಗೆ ಹೋದ ಮೇಲೆ ದಿನಾ ಸಂಜೆ ಅವರು ಬಂದು, ಬ್ರೇಕ್ ಸಡಿಲಿಸಿ, ಕಾರನ್ನು ತಾನಾಗಿ ಉರುಳಲು ಬಿಡುತ್ತಿದ್ದರು. ಎಡಗಡೆಯ ಚಕ್ರ ಅಂಗಳದಂಚಿನ ದಪ್ಪ ಕಲ್ಲಿಗೆ ದಡಕ್ಕೆಂದು ಹೊಡೆದು ನಿಂತರೆ ಅವರಿಗೆ ಸಮಾಧಾನ. ಹಳೇ ಜೀಪಿನ ಕಾಲದ ಅಭ್ಯಾಸ. ಆ ದಡಕ್ ಸದ್ದು ಅಡುಗೆಮನೆಗೆ ದಿನಾ ಕೇಳುತ್ತಿತ್ತು. ದಿನಾ ಕೇಳುವ ಸದ್ದನ್ನು ಯಾರು ಲೆಕ್ಕಕ್ಕಿಡುತ್ತಾರೆ!

ಮೆಕ್ಯಾನಿಕ್ ಆವತ್ತೇ ಹೊಸ ಬುಷ್ ಹಾಕಿದರು. ಮರುದಿನ ಅಲೈನ್‌ಮೆಂಟಿಗೆ ಚಿಕ್ಕಮಗಳೂರಿಗೆ ಹೊರಟಾಗ ಯಜಮಾನರು ಕರೆಯದೆಯೇ ಪಕ್ಕದ ಸೀಟಿನಲ್ಲಿ ಬಂದು ಕೂತರು. ಅಂಗಡಿಯಲ್ಲಿ ಯಂತ್ರದ ಹತ್ತಿರ ನಿಂತಿದ್ದವನು ಎಲ್ಲರೂ ಮಾಡುವಂತೆ ಗಂಡಸಿನ ಕಡೆ ತಿರುಗಿ, "ಸಾರ್, ಕಂಪ್ಲೇಂಟ್ ಏನು?" ಎಂದು ಕೇಳಿದ.

ಯಜಮಾನರು ಒಂದು ಹೆಜ್ಜೆ ಹಿಂದಕ್ಕೆ ಸರಿದರು. "ನಂಗೆ ಗೊತ್ತಾಗಲ್ಲ. ಅವಳನ್ನ ಕೇಳಿ. ಗಾಡಿ ಅವಳ್ದು" ಎಂದರು.

ನಾನು ಹೇಳಿದೆ. ಟೈರು, ಕಣ, ಬ್ರೇಕ್, ಬುಷ್ ಎಲ್ಲವನ್ನೂ ನಿಧಾನವಾಗಿ, ಒಂದನ್ನೂ ಬಿಡದೆ ಹೇಳಿದೆ. ಅವರು ಪಕ್ಕದಲ್ಲೇ ನಿಂತಿದ್ದರು, ಆದರೂ ಕಲ್ಲಿನ ವಿಷಯವನ್ನೂ ಹೇಳಿದೆ.