ನಾಣ್ಯ ಬರೆದ ಆರು ಅಕ್ಷರ

ಕೊರೋನಾ ಇಳಿದು ಕಾಲೇಜುಗಳು ಮತ್ತೆ ಶುರುವಾದ ವರ್ಷ ನಾನು ಶಿಕಾರಿಪುರದ ಆಸ್ಪತ್ರೆಯೊಂದರಲ್ಲಿ ಫಿಸಿಶಿಯನ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಒಂದು ಸೋಮವಾರ ಬೆಳಿಗ್ಗೆ ಕುಬಟೂರು ಕಡೆಯ ಮಂಜಪ್ಪ ಎಂಬ ಪಂಪ್‌ಸೆಟ್ ಮೆಕ್ಯಾನಿಕ್, ಹದಿನೇಳರ ಮಗಳು ಪವಿತ್ರಾಳನ್ನು ಕರೆತಂದರು. ಅವಳು ಆನವಟ್ಟಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು. ಬಲಗೈ ಹೆಗಲಿನಿಂದ ಕೆಳಗೆ ಸತ್ತಂತೆ ಜೋತುಬಿದ್ದಿತ್ತು.

ನಡೆದದ್ದನ್ನು ಹೇಳಿದವಳು ಜೊತೆಗೆ ಬಂದಿದ್ದ ಗೆಳತಿ ಆಶಾ. ನಾಲ್ವರು ಹುಡುಗಿಯರು ಮೊಬೈಲಿನಲ್ಲಿ ಯಾವುದೋ ಪರದೇಶದ ಹಾರರ್ ಸಿನಿಮಾ ನೋಡಿದ್ದರು. ಅದರಲ್ಲಿ ಶಾಲೆಯ ಮಕ್ಕಳು ನಾಣ್ಯದ ಮೇಲೆ ಬೆರಳಿಟ್ಟು ಸತ್ತವರನ್ನು ಕರೆಯುತ್ತಾರಂತೆ. ಭಾನುವಾರ ಮಧ್ಯಾಹ್ನ ಇವರೂ ಡ್ರಾಯಿಂಗ್ ಶೀಟಿನಲ್ಲಿ ವರ್ಣಮಾಲೆಯನ್ನು ಸುತ್ತಲೂ ಬರೆದು, ಪವಿತ್ರಾಳ ತಾಯಿಯನ್ನು ಕರೆದಿದ್ದರು. ಆಕೆ ಏಳು ವರ್ಷದ ಹಿಂದೆ ಹೊಲದ ಬಾವಿಯಲ್ಲಿ ಕಾಲುಜಾರಿ ಬಿದ್ದು ತೀರಿಕೊಂಡವರು.

"ನಾಣ್ಯ ಓಡಾಡ್ತು ಮೇಡಂ. ಬಂದ ಅಕ್ಷರಕ್ಕೆ ಅರ್ಥಾನೇ ಇರ್ಲಿಲ್ಲ. ಇವ್ಳು ಮಾತ್ರ ಚಿಟ್ಟನೆ ಚೀರಿದ್ಲು. ಆಮೇಲೆ ಕೈ ಏಳ್ಲೇ ಇಲ್ಲ" ಎಂದಳು ಆಶಾ.

ಮರುದಿನ ಶಿವಮೊಗ್ಗದಲ್ಲಿ ತೆಗೆಸಿದ ಸ್ಕ್ಯಾನಿನಲ್ಲಿ ದೋಷವಿರಲಿಲ್ಲ. ಹುಡುಗಿಯನ್ನು ಮಲಗಿಸಿ, ಆ ಕೈಯನ್ನು ಮುಖದ ಮೇಲಕ್ಕೆ ಎತ್ತಿ ಬಿಟ್ಟೆ. ಲಕ್ವ ಹೊಡೆದ ಕೈಯಾದರೆ ಮುಖಕ್ಕೇ ಬಡಿಯುತ್ತದೆ. ಇದು ಪಕ್ಕಕ್ಕೆ ಸರಿದು ಬಿತ್ತು. ಕನ್ವರ್ಷನ್ ಡಿಸಾರ್ಡರ್ ಎನ್ನುತ್ತೇವೆ. ಮನಸ್ಸು ತಾಳಲಾರದ ನೋವು ದೇಹದಲ್ಲಿ ಕಾಣಿಸಿಕೊಳ್ಳುವ ಕಾಯಿಲೆ, ನಟನೆಯಲ್ಲ.

ಬುಧವಾರದ ರೌಂಡ್ಸ್‌ನಲ್ಲಿ ನಾನು ತಪ್ಪು ಮಾಡಿದೆ. ವಾರ್ಡಿನಲ್ಲಿ ಇನ್ನೂ ಹನ್ನೆರಡು ಜನ ಕಾಯುತ್ತಿದ್ದರು. ನಿಂತುಕೊಂಡೇ ಹೇಳಿದೆ: "ಯಾವ ದೆವ್ವಾನೂ ಬಂದಿರ್ಲಿಲ್ಲಮ್ಮ. ನಾಣ್ಯ ಸರಿಸಿದ್ದು ನಿನ್ನ ಬೆರಳೇ. ನಿನಗೇ ಗೊತ್ತಾಗದ ಹಾಗೆ ನಿನ್ನ ಮನಸ್ಸು ಸರಿಸ್ತು."

"ನಾನೇನಾ ಮೇಡಂ?"

"ನೀನೇ."

ಅವಳು ಗೋಡೆಯ ಕಡೆ ತಿರುಗಿದಳು. ಅವಳಿಗೆ ಧೈರ್ಯ ಬಂತೆಂದುಕೊಂಡು ನಾನು ಮುಂದಿನ ಹಾಸಿಗೆಗೆ ಹೋದೆ.

ಗುರುವಾರ ಬೆಳಿಗ್ಗೆ ಮಂಜಪ್ಪ ಚಹಾ ಕುಡಿದು ಬರುವಷ್ಟರಲ್ಲಿ ಹಾಸಿಗೆ ಖಾಲಿಯಾಗಿತ್ತು. ಅವರು ಯಾರನ್ನೂ ವಿಚಾರಿಸಲಿಲ್ಲ. ಬೈಕ್ ಹತ್ತಿ ನೇರವಾಗಿ ತಮ್ಮ ಹೊಲಕ್ಕೆ ಹೋದರು. ಬಸ್ಸಿನಲ್ಲಿ ಊರು ಸೇರಿದ್ದ ಪವಿತ್ರಾ ಬಾವಿಯ ಕೊನೆಯ ಮೆಟ್ಟಿಲ ಮೇಲೆ, ಮೊಣಕಾಲುದ್ದ ನೀರಿನಲ್ಲಿ ಕೂತಿದ್ದಳು.

ಮಧ್ಯಾಹ್ನ ಅವಳನ್ನು ವಾಪಸ್ ಕರೆತಂದಾಗ ನಾನು ಕುರ್ಚಿ ಎಳೆದುಕೊಂಡು ಕೂತೆ. "ನಾಣ್ಯ ಏನು ಹೇಳ್ತು?" ಎಂದು ಕೇಳಿದ್ದು ಅದೇ ಮೊದಲು.

ಎಡಗೈಯಲ್ಲಿ ಪೆನ್ನು ಹಿಡಿದು ಬರೆದಳು: ಯ, ಕ, ಹ, ಳ, ಲ, ಲ. ಅವರ ಹಾಳೆಯಲ್ಲಿ ಬರೀ ಅಕ್ಷರಗಳಿದ್ದವು, ಕೊಂಬು ದೀರ್ಘ ಒತ್ತು ಏನೂ ಇರಲಿಲ್ಲ. ಅದಕ್ಕೇ ಗೆಳತಿಯರಿಗೆ ಅರ್ಥವಾಗಿರಲಿಲ್ಲ. ಇವಳು ಓದಿಕೊಂಡದ್ದು, 'ಯಾಕೆ ಹೇಳಲಿಲ್ಲ?' ಎಂದು.

"ಅವತ್ತು ಬೆಳಿಗ್ಗೆ ನಂಗೆ ಜಡೆ ಹಾಕ್ತಾ ಅಮ್ಮ, ಬಾವೀಗೆ ಹೋಗ್ತೀನಿ, ಯಾರಿಗೂ ಹೇಳ್ಬ್ಯಾಡ ಅಂದ್ಲು. ನಾನು ಸುಮ್ನೆ ಸ್ಕೂಲಿಗೆ ಹೋದೆ. ಅಮ್ಮ ಬಂದು ಕೇಳಿದ್ಲು ಅಂದ್ಕೊಂಡಿದ್ದೆ. ನೀವು, ಅದು ನಾನೇ ಅಂದ್ರಿ."

ಬಾಗಿಲಲ್ಲಿ ನಿಂತಿದ್ದ ಮಂಜಪ್ಪ ಒಳಗೆ ಬಂದರು.

"ನಂಗೂ ಹೇಳಿದ್ಲು ಕಣವ್ವ. ಹಿಂದಿನ ದಿನ ಹೊಡ್ದಿದ್ದೆ. ಬಾವಿಗೆ ಬೀಳ್ತೀನಿ ಅಂದ್ಲು. ಹೋಗಿ ಬೀಳು ಅಂದೆ. ಕಾಲು ಜಾರ್ತು ಅಂತ ಊರಿಗೆಲ್ಲ ಹೇಳ್ದೋನೂ ನಾನೇ."

ಪವಿತ್ರಾ ಅವರ ಕಡೆ ತಿರುಗಿದಳು. "ನಾನು ಆಗ ಹತ್ತು ವರ್ಷದೋಳಪ್ಪ" ಎಂದಳು. ಅಷ್ಟೇ.

ಮೂರನೆಯ ದಿನ ಬೆರಳುಗಳು ಅಲುಗಾಡಿದವು. ಶಿವಮೊಗ್ಗದ ಮನೋವೈದ್ಯರ ಬಳಿ ಕೆಲವು ತಿಂಗಳು ಹೋದ ಮೇಲೆ ಕೈ ಪೂರ್ತಿ ಸ್ವಾಧೀನಕ್ಕೆ ಬಂತು. ಅವಳು ಶಿಕಾರಿಪುರದಲ್ಲಿದ್ದ ಸೋದರತ್ತೆ ಗಿರಿಜಮ್ಮನ ಮನೆಯಲ್ಲೇ ಉಳಿದಳು. ಮಂಜಪ್ಪ ತಿಂಗಳಿಗೊಮ್ಮೆ ಬಂದು ಜಗಲಿಯ ಮೇಲೆ ಕೂತು ಹೋಗುತ್ತಿದ್ದರಂತೆ. ನಾನು ನಿವೃತ್ತಳಾಗುವವರೆಗೂ ಅವಳು ಅವರನ್ನು ನೋಡಲು ಹೊರಗೆ ಬಂದಿರಲಿಲ್ಲ.

ಬುಧವಾರ ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ದೆವ್ವದ ಮೇಲಿದ್ದ ಭಾರವನ್ನು, ಅದೇನೆಂದು ಕೇಳದೆ, ಒಂದು ಮಗುವಿನ ಮೇಲೆ ಹೊರಿಸಿದ್ದೆ. ಆಮೇಲಿನ ಎರಡು ವರ್ಷ, ಯಾರಾದರೂ ಸತ್ತವರು ಬಂದು ಮಾತಾಡಿದರು ಎಂದರೆ, ಅವರು ಏನು ಹೇಳಿದರು ಎಂದು ಪೂರ್ತಿ ಕೇಳುವವರೆಗೆ ನಾನು ಬಾಯಿ ತೆರೆಯುತ್ತಿರಲಿಲ್ಲ.