ಮೊದಲು ಆಕಾಶ ನೋಡು

ತೊಂಬತ್ತರ ದಶಕದಲ್ಲಿ, ಕೊಲ್ಲಿ ನಾಡಿನ ದೋಹಾ ಅಲ್ ಜದೀದಾದ ನಮ್ಮ ಎದುರುಮನೆಗೆ ಅಮೆರಿಕದ ಟೀಚರೊಬ್ಬರು ಬಂದರು. ಮೆಕ್ಕೆಜೋಳ ಬೆಳೆಯುವ ಬಯಲಿನ ರೈತರ ಮಗಳು. ಚಹಾ ಕುಡಿಯುತ್ತಲೇ ಎರಡು ಸಲ ಎದ್ದು ಕಿಟಕಿಗೆ ಹೋಗಿಬರುವರು. ನಾನು ಎಲ್ಲಿಗೆ ಹೊರಟರೂ, "ಮೊದಲು ಆಕಾಶ ನೋಡು" ಎನ್ನುವರು.

ಅವರ ಮನೆತನದ ಹುಟ್ಟು, ಮದುವೆ, ಸಾವುಗಳೆಲ್ಲ ಹಳೆಯ ಬೈಬಲ್ಲಿನ ಮೊದಲ ಹಾಳೆಗಳಲ್ಲಿ ಕೈಬರಹದಲ್ಲಿದ್ದವು. ಅಜ್ಜಿಯ ಹೆಸರಿನ ಮುಂದೆ 'ಸುಂಟರಗಾಳಿ' ಎಂದಿತ್ತು.

"ಎಲ್ಲರೂ ನೆಲಮಾಳಿಗೆಗೆ ಇಳಿದಿದ್ದರು. ಅಜ್ಜಿ ಮಾತ್ರ ಒಣಹಾಕಿದ ಬಟ್ಟೆ ತರಲು ಹೋದಳು," ಎಂದಿದ್ದರು ಟೀಚರು.

ಒಂದು ಮಧ್ಯಾಹ್ನ ಆಕಾಶ ಅರಿಶಿನದ ಬಣ್ಣಕ್ಕೆ ತಿರುಗಿತು. ಬಟ್ಟೆ ತರಲೆಂದು ತಾರಸಿಯ ಮೆಟ್ಟಿಲು ಹತ್ತುತ್ತಿದ್ದ ನನ್ನ ರಟ್ಟೆ ಹಿಡಿದು, ಅವರು ನೆಲಮಾಳಿಗೆಯಿಲ್ಲದ ತಮ್ಮ ಮನೆಯ ಬಚ್ಚಲಿಗೆ ಎಳೆದೊಯ್ದರು. ಇಬ್ಬರ ಮೇಲೂ ಹಾಸಿಗೆ ಕವಿಚಿಕೊಂಡರು. ಬಾಗಿಲು ಅದುರುತ್ತಿತ್ತು. ಅವರ ಎದೆಬಡಿತ ನನ್ನ ಬೆನ್ನಿಗೆ ತಾಗುತ್ತಿತ್ತು. ವರ್ಷವರ್ಷವೂ ಈ ಮರಳುಗಾಳಿಯ ಧೂಳು ಗುಡಿಸಿದ ನಾನೂ ಹಾಸಿಗೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ.

ನನ್ನನ್ನು ಹುಡುಕಿ ಬಂದ ಗಂಡ ಹೊರಗಿನಿಂದ ಕೂಗಿದರು: "ಬರೀ ಧೂಳು ಮಾರಾಯ್ತಿ, ಈಗ ಖಲಾಸ್ ಆಗ್ತದೆ. ನಾನು ಮೇಲೆ ಹೋಗಿ ಬಟ್ಟೆ ತರ್ತೇನೆ, ಆಯ್ತಾ?"

ಟೀಚರಿಗೆ ಕನ್ನಡ ಬರುತ್ತಿರಲಿಲ್ಲ. "ಬೇಡ, ಹೋಗಬೇಡಿ!" ಎಂದು ಕಿರುಚಿದವಳು ನಾನು.