ಅಮ್ಮೋರನ್ನು ಕೇಳಿದ ದಿನ

ಜಯರಾಮಪ್ಪನವರಿಗೆ ಈಗ ಎಪ್ಪತ್ತಾರು ವರ್ಷ. ಕ್ಯಾಸಂಬಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ಮಗ ವೇಣುವಿನ ಜೊತೆ ಇದ್ದಾರೆ. ತಿಂಗಳಿಗೊಮ್ಮೆ ಸಕ್ಕರೆ ಪರೀಕ್ಷೆಗೆ ನಮ್ಮ ಲ್ಯಾಬಿಗೆ ಬರುತ್ತಾರೆ. ಖಾಲಿ ಹೊಟ್ಟೆಯಲ್ಲಿ ಒಮ್ಮೆ, ತಿಂಡಿ ತಿಂದ ಎರಡು ಗಂಟೆಗೆ ಇನ್ನೊಮ್ಮೆ ರಕ್ತ ಕೊಡಬೇಕು. ಆ ನಡುವಿನ ಹೊತ್ತಿನಲ್ಲಿ ಬೆಂಚಿನ ಮೇಲೆ ಕೂತು ಅವರು ಹೇಳಿದ್ದು ಇದು. ಮೂರು ತಿಂಗಳಲ್ಲಿ ಬಿಡಿಬಿಡಿಯಾಗಿ ಕೇಳಿದ್ದನ್ನು ದಿನಗಳ ಕ್ರಮಕ್ಕೆ ತಂದು ಬರೆದಿದ್ದೇನೆ.

1982ರಲ್ಲಿ ಅವರು ಚಿನ್ನದ ಗಣಿಗಳಿದ್ದ ಕೋರಮಂಡಲ್‌ನಲ್ಲಿ ಕಂಟ್ರಾಕ್ಟರನ ಕೈಕೆಳಗೆ ದಿನಗೂಲಿಯಾಗಿದ್ದರು. ಗಣಿಯೊಳಗೆ ಆಸರೆಗೆ ನಿಲ್ಲಿಸುವ ಮರದ ದಿಮ್ಮಿಗಳನ್ನು ವ್ಯಾಗನ್‌ನಿಂದ ಇಳಿಸುವ ಕೆಲಸ. ತಗಡಿನ ಸೂರಿನ ಒಂದೇ ಕೋಣೆಯ ಮನೆಯಲ್ಲಿ ಹೆಂಡತಿ ಕದಿರಮ್ಮ, ನಾಲ್ಕು ದಾಟಿದ ಮಗಳು ಕಲಾ, ವರ್ಷ ತುಂಬಿದ ವೇಣು.

ಆ ಆಷಾಢದಲ್ಲಿ ಕದಿರಮ್ಮನಿಗೆ ಕಾಮಾಲೆಯಾಯಿತು. ಅವಳ ತಾಯಿ ಮುನಿನಾರಾಯಣಮ್ಮ ಊರಿಂದ ಸೊಪ್ಪಿನ ಔಷಧಿ ತಂದು ಒಂಬತ್ತು ದಿನ ಕುಡಿಸಿದರು. ಹತ್ತನೆಯ ದಿನ ಕದಿರಮ್ಮ ಗಂಡನ ಗುರುತು ಹಿಡಿಯಲಿಲ್ಲ. ಅತ್ತೆ ಬೇಡವೆಂದರೂ ಕೇಳದೆ ಜಯರಾಮಪ್ಪ ಅವಳನ್ನು ಆಸ್ಪತ್ರೆಗೆ ಸೇರಿಸಿದರು. ತಂದದ್ದು ತಡವಾಯಿತೆಂದು ಡಾಕ್ಟರು ಮೊದಲೇ ಹೇಳಿದ್ದರು. ಕೈಗೆ ಸೂಜಿ ಚುಚ್ಚಿ ಬಾಟಲಿ ಹಾಕಿದರು. ಐದನೆಯ ದಿನ ಅವಳು ಹೋದಳು.

ಮಣ್ಣು ಮಾಡಿ ಬಂದ ಮೇಲೆ ಮುನಿನಾರಾಯಣಮ್ಮ ಅಳಿಯನಿಗೆ ಹೇಳಿದ್ದು ಒಂದೇ ಮಾತು.

"ನನ್ ಮಗಳ್ನ ಸೂಜಿಗೆ ಕೊಟ್ಟುಬುಟ್ಟೆ ಕಣಪ್ಪ."

ಅದನ್ನು ಅವರು ಕೂಗಿ ಹೇಳಲಿಲ್ಲ. ಪಕ್ಕದಲ್ಲಿ ಕಲಾ ಕೂತಿದ್ದಳು. ಐದನೆಯ ದಿನದ ಸಾವಿನ ಹಿಂದೆ ಒಂಬತ್ತು ದಿನಗಳ ತಡವಿತ್ತು ಎಂದು ಲೆಕ್ಕ ಹಾಕುವ ಸ್ಥಿತಿಯಲ್ಲಿ ಜಯರಾಮಪ್ಪ ಇರಲಿಲ್ಲ. ತಾನು ಹಟ ಹಿಡಿದೆ, ಹೆಂಡತಿ ಸತ್ತಳು. ಅವರಿಗೆ ಉಳಿದದ್ದು ಇಷ್ಟೇ.

ಮುನಿನಾರಾಯಣಮ್ಮ ಊರಿಗೆ ಮರಳಿದರು. ಜಯರಾಮಪ್ಪ ಬೆಳಗ್ಗೆ ಮುದ್ದೆ ತೊಳಸಿಟ್ಟು, ಮಕ್ಕಳನ್ನು ಪಕ್ಕದ ಮನೆಯ ಪಾಪಕ್ಕನ ಹತ್ತಿರ ಬಿಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಪಾಪಕ್ಕನದು ತಮಿಳು ಬೆರೆತ ಕನ್ನಡ, ಬಾಯಿ ಜೋರು. ಜಯರಾಮಪ್ಪಣ್ಣ ಮಾಡಿದ ಸಾರನ್ನು ಹೊಲದ ಬೇಲಿಗೆ ಸುರಿದರೆ ಹಂದಿ ಆ ಕಡೆ ತಲೆ ಹಾಕಲ್ಲ ಅನ್ನುತ್ತಿದ್ದಳಂತೆ. ಕಲಾ ಆ ಮಾತನ್ನೇ ಅಪ್ಪನ ಎದುರು ಒಪ್ಪಿಸಿ ನಗುತ್ತಿದ್ದಳು.

ಮರುವರ್ಷ ಮಾರ್ಚ್‌ನಲ್ಲಿ ಕಲಾಳಿಗೆ ಜ್ವರ ಬಂತು, ಕಣ್ಣು ಕೆಂಪಾಯಿತು. ನಾಲ್ಕನೆಯ ದಿನ, ಒಂದು ಭಾನುವಾರ, ಕಿವಿಯ ಹಿಂದಿನಿಂದ ಮುಖಕ್ಕೆ ಗುಳ್ಳೆ ಹಬ್ಬಿದವು. ದಡಾರ. ಆಗ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಮನೆಗೆ ಅಮ್ಮೋರು ಬಂದಿದ್ದಾಳೆ ಅನ್ನುತ್ತಿದ್ದರು. ಸುದ್ದಿ ತಿಳಿದು ಮುನಿನಾರಾಯಣಮ್ಮ ಬಂದು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಒಗ್ಗರಣೆ ನಿಂತಿತು. ಮಾತ್ರೆ, ಸೂಜಿ ಸೋಕಿಸುವಂತಿಲ್ಲ. ಬೇವಿನ ನೀರನ್ನು ಮೂರು ಸಲ ಹೊಯ್ದ ಮೇಲೆ ಅಮ್ಮೋರು ಇಳಿದು ಹೋಗುತ್ತಾಳೆ. ಅಲ್ಲಿಯವರೆಗೆ ಮಗುವನ್ನು ಗದರಬಾರದು. ಮಗು ಆಡಿದ ಮಾತು ಅಮ್ಮೋರ ಮಾತು, ಅದನ್ನು ಮೀರಬಾರದು. ಕಲಾ ಎಳನೀರು ಕೇಳಿದಳು, ಕೊಟ್ಟರು. ಅಪ್ಪ ಕೆಲಸಕ್ಕೆ ಹೋಗಬಾರದೆಂದಳು, ಜಯರಾಮಪ್ಪ ಹೋಗಲಿಲ್ಲ. ಸ್ವಂತ ಮಗಳನ್ನು "ತಾಯೀ" ಎಂದು ಕರೆಯುವಾಗ ಮೊದಮೊದಲು ನಾಲಿಗೆ ತಡವರಿಸುತ್ತಿತ್ತಂತೆ. ಅವಳಿಗೆ ಅದು ತಮಾಷೆಯಾಗಿ, ಜ್ವರದಲ್ಲೂ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

ಬುಧವಾರ ಜ್ವರ ಇಳಿಯಿತು. ಗುರುವಾರ ಮಧ್ಯಾಹ್ನ ಮತ್ತೆ ಏರಿತು. ಉಸಿರು ಚಿಕ್ಕದಾಗಿ, ಜೋರಾಗಿ ಬರತೊಡಗಿತು. ಒಂದೊಂದು ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು ಎಂದು ಅವರು ತಮ್ಮ ಮೈಮೇಲೇ ಬೆರಳಿಟ್ಟು ತೋರಿಸಿದರು. ರೋಗ ಎದೆಗೆ ಇಳಿದಿತ್ತು, ನ್ಯುಮೋನಿಯಾ. ಆ ಹೆಸರು ಅವರಿಗೆ ಆಗ ಗೊತ್ತಿರಲಿಲ್ಲ, ಆದರೆ ಕಣ್ಣಿಗೆ ಕಂಡಿತ್ತು.

ಹೊಸಿಲಾಚೆ ನಿಂತು ನೋಡಿದ ಪಾಪಕ್ಕ ಅವರನ್ನು ಹೊರಗೆ ಕರೆದಳು. "ಅಣ್ಣಾ, ಪಾಪೂಗೆ ಮೂಚ್ಚು ಸರಿಯಿಲ್ಲ. ಇಂಗೆ ಉಸ್ರು ಎಳೀಬಾರ್ದು. ಅಮ್ಮೋರ್ನ ಒಂದ್ ಮಾತು ಕೇಳ್ಕೊಂಡು ಎತ್ಕೊಂಡೋಗು."

ಅವಳು ಒಳ್ಳೆಯದಕ್ಕೇ ಹೇಳಿದಳು. ಮುನಿನಾರಾಯಣಮ್ಮನೂ ಅಡ್ಡ ಬರಲಿಲ್ಲ. ಅಮ್ಮೋರು ಒಪ್ಪಿದರೆ ತನ್ನದೇನೂ ಇಲ್ಲ ಎಂದರು. ಜಯರಾಮಪ್ಪ ಕೈಕಾಲು ತೊಳೆದು ಬಂದು ಚಾಪೆಯ ಪಕ್ಕ ಮಂಡಿಯೂರಿ ಕೈಮುಗಿದರು.

"ತಾಯೀ, ಬಂಗಾರಪೇಟೆ ಡಾಕ್ಟ್ರತ್ರ ಓಗಾನಾ?"

ಕಲಾ ಕಣ್ಣು ಬಿಟ್ಟು ಅಪ್ಪನನ್ನು ನೋಡಿದಳು.

"ಬ್ಯಾಡ," ಅಂದಳು. "ಸೂಜಿ ಬ್ಯಾಡ."

ಜಯರಾಮಪ್ಪ ಎರಡನೆಯ ಸಲ ಕೇಳಲಿಲ್ಲ. ಕೇಳುವುದೂ ತಪ್ಪೇ. ಶುಕ್ರವಾರ ಎರಡನೆಯ ನೀರು ಹೊಯ್ದರು. ಶನಿವಾರ ಅವಳು ಮಾತಾಡಲಿಲ್ಲ, ತುಟಿ ನೀಲಿಯಾಯಿತು. ಅವರು ಅಂಗಳದಲ್ಲಿ ನಿಂತರು, ಒಳಗೆ ಬಂದರು, ಮತ್ತೆ ಹೋಗಿ ನಿಂತರು. ಕೋರಮಂಡಲ್ ಸ್ಟೇಷನ್ನು ಹತ್ತು ನಿಮಿಷದ ದಾರಿ. ರೈಲು ಬಂದ ಸದ್ದು, ಬಿಟ್ಟ ಸದ್ದು ಎರಡೂ ಕೇಳಿಸುತ್ತಿದ್ದವಂತೆ. ಭಾನುವಾರ ಬೆಳಗ್ಗೆ ಕಲಾ ತೀರಿಕೊಂಡಳು.

ಗುರುವಾರ ವೇಣುವಿನ ಕಿವಿಯ ಹಿಂದೆ ಗುಳ್ಳೆ ಕಂಡವು.

ಈ ಸಲ ಜಯರಾಮಪ್ಪ ಯಾರನ್ನೂ ಕೇಳಲಿಲ್ಲ. ಮಗುವನ್ನು ಟವೆಲ್‌ನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡರು. ಅತ್ತೆ ಬಾಗಿಲಲ್ಲಿದ್ದರು. ತಡೆಯುತ್ತಾರೆಂದು ಇವರು ತಲೆ ತಗ್ಗಿಸಿಕೊಂಡೇ ಬಂದರೆ, ಆಕೆ ಮಗುವಿನ ಹಣೆಗೆ ಅರಿಶಿನ ಹಚ್ಚಿ, ಟವೆಲಿನ ಮಡಿಕೆಯೊಳಗೆ ಬೇವಿನ ಕಡ್ಡಿಯೊಂದನ್ನು ಸಿಕ್ಕಿಸಿ, ಪಕ್ಕಕ್ಕೆ ಸರಿದರು. ರೈಲಿನಲ್ಲಿ ಜನ ಬೇವು ನೋಡಿ ದೂರ ಜರುಗಿದರು. ಒಬ್ಬ ಹೆಂಗಸು ಎದ್ದು ಜಾಗ ಬಿಟ್ಟು, ವೇಣುವಿನ ಪಾದಕ್ಕೆ ಕೈಮುಗಿದಳು. ಬಂಗಾರಪೇಟೆವರೆಗೂ ಜಯರಾಮಪ್ಪ ಮಗನ ಬಾಯಿಯನ್ನೇ ನೋಡುತ್ತಿದ್ದರು. ಎಲ್ಲಿ ಇವನೂ ಬೇಡ ಅಂದುಬಿಡುತ್ತಾನೋ ಎಂದು. ವೇಣುವಿಗೆ ಆಗ ಬರುತ್ತಿದ್ದದ್ದೇ ಹತ್ತಿಪ್ಪತ್ತು ಮಾತು.

ಡಾಕ್ಟರು ಸಿರಪ್ಪು ಕೊಟ್ಟರು. ಇದಕ್ಕೆಂದೇ ಔಷಧಿಯಿಲ್ಲ, ಉಸಿರು ಜೋರಾದರೆ ಆ ಕ್ಷಣವೇ ತರಬೇಕು ಎಂದರು. ಸೂಜಿ ಹಾಕಲಿಲ್ಲ. ಉಸಿರು ಜೋರಾಗಲಿಲ್ಲ. ಏಳನೆಯ ದಿನಕ್ಕೆ ವೇಣು ಎದ್ದು ಕೂತು ಮುದ್ದೆ ತಿಂದ.

ನಾನು ಓದಿದ ಪ್ರಕಾರ ದಡಾರ ಬಂದ ಮಕ್ಕಳಲ್ಲಿ ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ವೇಣು ಉಳಿದದ್ದು ಆ ರೈಲು ಹತ್ತಿದ್ದರಿಂದಲೇ ಎಂದು ಹೇಳಲು ಬರುವುದಿಲ್ಲ. ಗುರುವಾರ ಮಧ್ಯಾಹ್ನ ಕಲಾಳನ್ನು ಕರೆದೊಯ್ದಿದ್ದರೆ ಉಳಿಯುತ್ತಿದ್ದಳು ಎಂದೂ ಖಚಿತವಾಗಿ ಹೇಳಲಾಗದು. ಉಳಿಯುವ ಸಾಧ್ಯತೆ ಇತ್ತು. ಕಳೆದ ತಿಂಗಳು ಇಷ್ಟನ್ನೂ, ಕೊನೆಯ ವಾಕ್ಯ ಒಂದನ್ನು ಬಿಟ್ಟು, ಅವರಿಗೆ ಬಿಡಿಸಿ ಹೇಳಿದೆ.

"ಅದಲ್ಲ ನಾನ್ ಕೇಳ್ತಿರೋದು," ಅಂದರು. "ನೀವು ಓದಿದೋರು, ಹೇಳಿ. ಅವತ್ತು ಬ್ಯಾಡ ಅಂದಿದ್ದು ಯಾರು? ಅಮ್ಮೋರಾ, ನನ್ ಮಗಳಾ?"

ಅಮ್ಮೋರು ಎಂದಿದ್ದರೆ ಅದು ನಾನು ನಂಬದ ಮಾತು. ಮಗಳು ಎನ್ನಲು ಬಾಯಿ ಬರಲಿಲ್ಲ. ಅವರು ಸೂಜಿ ಚುಚ್ಚಿದ ಜಾಗದ ಹತ್ತಿಯನ್ನು ಒತ್ತಿ ಹಿಡಿದೇ ಇದ್ದರು. ರಕ್ತ ಆಗಲೇ ನಿಂತಿತ್ತು.

"ಐದು ತುಂಬಿರ್ಲಿಲ್ಲ ಅವಳ್ಗೆ," ಅಂದರು. "ಅಷ್ಟು ದೊಡ್ ಮಾತ ಅವಳ್ನ ಕೇಳಬಾರ್ದಾಗಿತ್ತು."